ಭಾನುವಾರ ನೋಡಿ ವೃದ್ಧಾಶ್ರಮ ಆರಿಸಬೇಡಿ

ಆಶ್ರಮದ ಹೆಸರು ಬರೆಯುವುದಿಲ್ಲ. ದೂರು ಗ್ರಾಹಕರ ಆಯೋಗದ ಮುಂದಿದೆ, ಹೆಸರು ಬೇಡ ಎಂದು ವಕೀಲರು ಹೇಳಿದ್ದಾರೆ. ಬಾಗಲಕೋಟೆಯ ನವನಗರದ ಸೆಕ್ಟರುಗಳು ಮುಗಿದು ಹೊಲಗಳು ಶುರುವಾಗುವ ಕಡೆ ಎಲ್ಲೋ ಇದೆ ಎಂದಿಟ್ಟುಕೊಳ್ಳಿ. ಬೇರೆ ಊರಿನ ಬೇರೆ ಆಶ್ರಮವಾಗಿದ್ದರೂ ನಾನು ಇದೇ ತಪ್ಪು ಮಾಡುತ್ತಿದ್ದೆ. ಹಾಗಾಗಿ ಬೆಳಗಾವಿಯವರಾಗಲಿ ವಿಜಯಪುರದವರಾಗಲಿ, ಹಾಸಿಗೆ ಹಿಡಿದ ಹಿರಿಯರನ್ನು ಹಣ ಕೊಟ್ಟು ಎಲ್ಲಾದರೂ ಸೇರಿಸುವ ಯೋಚನೆಯಲ್ಲಿದ್ದರೆ ಇದನ್ನು ಓದಿ.

ಅವ್ವ ಗುಳೇದಗುಡ್ಡದವಳು. ನಲವತ್ತು ವರ್ಷ ಮಗ್ಗದ ಕುಣಿಯಲ್ಲಿ ಕಾಲಿಳಿಸಿ ಕುಳಿತು ಖಣ ನೇಯ್ದವಳು. 2023ರ ಮಳೆಗಾಲದಲ್ಲಿ ಲಕ್ವ ಹೊಡೆದು ಬಲಗೈ ಬಲಗಾಲು ಬಿದ್ದುಹೋದವು, ಜೊತೆಗೆ ಮಾತೂ ಹೋಯಿತು. ನಾವು ಹೇಳುವುದೆಲ್ಲ ಅವಳಿಗೆ ತಿಳಿಯುತ್ತದೆ, ತಿರುಗಿ ಹೇಳಲು ಬರುವುದಿಲ್ಲ. ಬಾಯಿಂದ ಬರುವುದು ‘ಹೂಂ’, ‘ಬೇಡ’ ಮತ್ತು ನನ್ನ ಹೆಸರಿನ ಮೊದಲರ್ಧ. ನಾನು ಹುಬ್ಬಳ್ಳಿಯಲ್ಲಿ ಸಹಕಾರಿ ಬ್ಯಾಂಕೊಂದರಲ್ಲಿ ಗುಮಾಸ್ತೆ, ತಮ್ಮ ಪುಣೆಯಲ್ಲಿ ಕಾರ್ಖಾನೆಯ ಪಾಳಿಗೆ ಹೋಗುವವನು. ಮನೆಗೆ ಬಂದು ನೋಡಿಕೊಳ್ಳುವವರನ್ನು ಇಟ್ಟೆವು. ಒಬ್ಬರು ಹದಿನೈದು ದಿನ ಇದ್ದರು, ಇನ್ನೊಬ್ಬರು ಒಂದೂವರೆ ತಿಂಗಳು. ಆಮೇಲೆ ಆಶ್ರಮ ಹುಡುಕಿದೆವು.

2024ರ ಫೆಬ್ರುವರಿಯಲ್ಲಿ ಅದನ್ನು ಮೊದಲು ನೋಡಲು ಹೋದದ್ದು ಒಂದು ಭಾನುವಾರ. ರಜೆ ಇರುವುದೇ ಅಂದು. ದೊಡ್ಡ ಸಭಾಂಗಣದಲ್ಲಿ ವಚನ ಹಾಡಿಸುತ್ತಿದ್ದರು, ಹಾರ್ಮೋನಿಯಂ ಇತ್ತು. ಯಾರದೋ ಮಗುವಿನ ಹುಟ್ಟುಹಬ್ಬಕ್ಕೆ ದಾನಿಗಳು ಕೇಕು ತಂದಿದ್ದರು. ಅಜ್ಜ ಅಜ್ಜಿಯರು ಸಾಲಾಗಿ ಕುಳಿತು ಚಪ್ಪಾಳೆ ತಟ್ಟಿದರು. ಮೂಲೆಯಲ್ಲಿ ಕೇರಂ ಬೋರ್ಡು, ಗೋಡೆಗೆ ದಿನಚರಿಯ ಫಲಕ: ಯೋಗ, ಪತ್ರಿಕೆ ಓದು, ಭಜನೆ, ಸಂಜೆಯ ಹರಟೆ. ತಮ್ಮ ನನ್ನ ಮುಖ ನೋಡಿದ, ನಾನು ಅವನ ಮುಖ ನೋಡಿದೆ. ಒಂಟಿಯಾಗಿ ಗೋಡೆ ನೋಡುತ್ತ ಮಲಗುವುದಕ್ಕಿಂತ ನಾಲ್ಕು ಜನರ ನಡುವೆ ಇದ್ದರೆ ಒಳ್ಳೆಯದಲ್ಲವೇ ಎಂದುಕೊಂಡು ಎಪ್ಪತ್ತೈದು ಸಾವಿರ ಠೇವಣಿ ಕಟ್ಟಿದೆವು. ತಿಂಗಳಿಗೆ ಹದಿನಾಲ್ಕು ಸಾವಿರ, ಡಯಾಪರ್ ಮತ್ತು ಔಷಧದ ಖರ್ಚು ಬೇರೆ. ಕೇರಂ ಬೋರ್ಡಿನ ಮೇಲಿನ ಪ್ಲಾಸ್ಟಿಕ್ ಹೊದಿಕೆಯನ್ನು ಇನ್ನೂ ಹರಿದಿರಲಿಲ್ಲ. ಅದು ಕಣ್ಣಿಗೆ ಬಿದ್ದಿತ್ತು, ತಲೆಗೆ ಹೋಗಲಿಲ್ಲ.

ಮೊದಲ ಎಂಟು ತಿಂಗಳು ನಿಜವಾಗಿಯೂ ಚೆನ್ನಾಗಿತ್ತು ಎಂಬುದನ್ನೂ ಹೇಳಬೇಕು. ಏಕೆ ಚೆನ್ನಾಗಿತ್ತು ಎಂಬುದು ಬಹಳ ತಡವಾಗಿ ತಿಳಿಯಿತು.

ನೆಲಮಹಡಿಯ ಆ ಕೋಣೆಯಲ್ಲಿ ಮೂರು ಮಂಚಗಳಿದ್ದವು. ಅವ್ವನ ಪಕ್ಕದ ಮಂಚದಲ್ಲಿ ಜಮಖಂಡಿ ಕಡೆಯ ಅಜ್ಜಿಯೊಬ್ಬರಿದ್ದರು. ಎಂಬತ್ತರ ಹತ್ತಿರದ ಗಟ್ಟಿ ಜೀವ. ಕಿವಿ ಮಂದ, ಬಾಯಿ ಜೋರು. ಎಲೆ ಅಡಿಕೆಯನ್ನು ಪುಟ್ಟ ಹಿತ್ತಾಳೆಯ ಕುಟ್ಟಣಿಗೆಯಲ್ಲಿ ಕುಟ್ಟಿ ಹಾಕಿಕೊಳ್ಳುತ್ತಿದ್ದರು. ಅವ್ವನ ತಲೆ ಬಾಚುವುದು, ಅವಳ ಪರವಾಗಿ ಆಯಾಳನ್ನು ಕೂಗುವುದು, ಅವಳು ‘ಬೇಡ’ ಎಂದರೆ ಏನು ಬೇಡ ಎಂದು ಊಹಿಸುವುದು, ಎಲ್ಲ ಅವರದೇ. ನಾನು ಹೋದಾಗ, “ನಿನ್ನ ಅವ್ವ ನಿನ್ನೆ ಉಪ್ಪಿಟ್ಟು ಉಗುಳಿದಳು ನೋಡವ್ವ, ಖಾರ ಹಾಕಿರಲಿಲ್ಲ” ಎಂದು ವರದಿ ಒಪ್ಪಿಸುತ್ತಿದ್ದರು. ನಾನು ನಕ್ಕು, ಬಾಳೆಹಣ್ಣು ಕೊಟ್ಟು ಬರುತ್ತಿದ್ದೆ. ದಸರೆ ಮುಗಿದ ಮೇಲೆ ಅವರ ಮಗ ತಾಯಿಗೆ ಅನುಕೂಲವಾಗಲಿ ಎಂದು ತಿಂಗಳಿಗೆ ಆರು ಸಾವಿರ ಹೆಚ್ಚು ಕಟ್ಟಿ, ಮೇಲಿನ ಮಹಡಿಯಲ್ಲಿ ಒಬ್ಬರೇ ಇರುವ ಕೋಣೆ ಕೊಡಿಸಿದರು. ಅವರದು ತಪ್ಪೆನ್ನಲಾರೆ, ನನ್ನ ಬಳಿ ಹಣವಿದ್ದರೆ ನಾನೂ ಅದನ್ನೇ ಮಾಡುತ್ತಿದ್ದೆ.

ಅಲ್ಲಿಂದ ಮುಂದೆ ಭಾನುವಾರಗಳಂದು ಅವ್ವ ತೂಕಡಿಸುತ್ತ ಸಿಗತೊಡಗಿದಳು. “ಚಳಿಗಾಲ ಅಕ್ಕಾ, ನಿದ್ದೆ ಜಾಸ್ತಿ” ಎಂದರು ವ್ಯವಸ್ಥಾಪಕರು. ವಾಟ್ಸಾಪ್ ಗುಂಪಿಗೆ ಫೋಟೋಗಳು ತಪ್ಪದೇ ಬರುತ್ತಿದ್ದವು. ಕೇಕು, ಚಪ್ಪಾಳೆ, ಗಾಲಿಕುರ್ಚಿಯಲ್ಲಿ ಅವ್ವ. ಈಗ ಅವುಗಳನ್ನು ಸಾಲಾಗಿ ಇಟ್ಟು ನೋಡಿದರೆ, ನವೆಂಬರಿನಿಂದ ಜನವರಿಯವರೆಗೆ ಎಲ್ಲದರಲ್ಲೂ ಅದೇ ಹಸಿರು ಇಳಕಲ್ ಸೀರೆ, ಮೊಣಕಾಲಿನಿಂದ ಕೆಳಗೆ ಅದೇ ಕಂದು ಶಾಲು. ಒಂದರಲ್ಲೂ ಪಾದ ಕಾಣುವುದಿಲ್ಲ.

2025ರ ಜನವರಿ 15, ಬುಧವಾರ. ಬಾದಾಮಿ ಬನಶಂಕರಿಯ ತೇರು ಎರಡು ದಿನ ಹಿಂದೆ ಆಗಿತ್ತು. ಅವ್ವ ಕಾಲು ಇರುವವರೆಗೆ ಒಂದು ವರ್ಷವೂ ಜಾತ್ರೆ ತಪ್ಪಿಸಿದವಳಲ್ಲ. ಅವಳ ಬದಲು ನಾನು ರಜೆ ಹಾಕಿ ಹೋಗಿ, ದೇವಿಯ ಕುಂಕುಮ ಮತ್ತು ಗುಡಿಯ ಮುಂದೆ ಹೆಂಗಸರು ಬುಟ್ಟಿಯಲ್ಲಿ ಮಾರುವ ರೊಟ್ಟಿ, ಕೆಂಪು ಚಟ್ನಿ, ಮಣ್ಣಿನ ಕುಡಿಕೆಯ ಗಟ್ಟಿ ಮೊಸರು ಕಟ್ಟಿಸಿಕೊಂಡು ಸೀದಾ ಆಶ್ರಮಕ್ಕೆ ಬಂದೆ. ಫೋನು ಮಾಡದೆ ಹೋದದ್ದು ಅದೇ ಮೊದಲು. ಮಧ್ಯಾಹ್ನ ಮೂರು ಗಂಟೆ. ಗೇಟಿನ ಬಳಿ ಬಿಸಿಲಿಗೆ ಕುಳಿತಿದ್ದ ನಿವೃತ್ತ ಮಾಸ್ತರರೊಬ್ಬರು ನನ್ನನ್ನು ನೋಡಿ ಗಾಬರಿಯಾದರು.

“ಇವತ್ತು ಭಾನುವಾರವೇನವ್ವಾ?” ಎಂದು ಕೇಳಿದರು.

ಸಭಾಂಗಣಕ್ಕೆ ಬೀಗ. ಒಳಗೆ ಕೋಣೆಗಳ ಬಾಗಿಲು ಅರ್ಧ ತೆರೆದಿದ್ದವು, ಎಲ್ಲರೂ ಮಲಗಿದ್ದರು. ಮಧ್ಯಾಹ್ನದ ನಿದ್ದೆ ಇರಬಹುದು ಎಂದುಕೊಂಡೆ. ಅವ್ವ ಮಾತ್ರ ಎಚ್ಚರವಿದ್ದಳು, ತುಟಿ ಒಡೆದು ಬಿಳಿಚಿಕೊಂಡಿದ್ದವು. ಕುಡಿಕೆಯ ಮೊಸರಿಗೆ ನೀರು ಬೆರೆಸಿ ಚಮಚದಲ್ಲಿ ಬಾಯಿಗಿಟ್ಟೆ. ಎರಡನೇ ಚಮಚಕ್ಕೆ ಅವಳ ಎಡಗೈ ನನ್ನ ಮಣಿಕಟ್ಟು ಹಿಡಿಯಿತು. ಮೂರನೆಯದಕ್ಕೆ ಕುಡಿಕೆಯನ್ನೇ ಎಳೆದುಕೊಂಡಳು. ಮೊಸರು ಗದ್ದದ ಮೇಲೆ, ಕುತ್ತಿಗೆಯ ಮೇಲೆ ಹರಿಯಿತು, ಬಿಡಲಿಲ್ಲ.

ಆಗ ಮಂಚದ ಪಕ್ಕದ ಮೇಜು ನೋಡಿದೆ. ಸ್ಟೀಲಿನ ಲೋಟದ ತುಂಬ ನೀರಿತ್ತು, ಮೇಲೆ ತೆಳ್ಳಗೆ ದೂಳು ಕಟ್ಟಿತ್ತು. ಮೇಜು ಇದ್ದದ್ದು ಅವಳ ಬಲಕ್ಕೆ. ಎಡಕ್ಕೆ ಗೋಡೆ. ಬಿದ್ದುಹೋದ ಕೈಯ ಕಡೆಗೆ ನೀರಿಟ್ಟು, ಇಟ್ಟಿದ್ದೇವೆ ಎಂದು ಬರೆದುಕೊಂಡಿದ್ದರು. ಹೌದು, ಬರೆದುಕೊಂಡಿದ್ದರು. ಮಂಚದ ಕಾಲಿಗೆ ದಾರದಿಂದ ಕಟ್ಟಿದ ಪಟ್ಟಿಯಲ್ಲಿ ‘ನೀರು’, ‘ಮಗ್ಗುಲು ಬದಲಾವಣೆ’ ಎಂಬ ಸಾಲುಗಳಿದ್ದವು, ಎರಡೆರಡು ತಾಸಿಗೊಂದು ಮನೆ. ಎಡ, ಬಲ, ಎಡ, ಬಲ ಎಂದು ಒಂದೇ ನೀಲಿ ಪೆನ್ನಿನಲ್ಲಿ ಚೆಂದವಾಗಿ ತುಂಬಿತ್ತು. ಗಡಿಯಾರ ನೋಡಿದೆ, ಮೂರೂ ಇಪ್ಪತ್ತು. ಪಟ್ಟಿಯಲ್ಲಿ ರಾತ್ರಿ ಎಂಟರ ಮನೆಯೂ ತುಂಬಿತ್ತು. ರಾತ್ರಿ ಎಂಟಕ್ಕೆ ಅವ್ವ ಬಲ ಮಗ್ಗುಲಿಗೆ ಮಲಗಿದ್ದಳಂತೆ.

ಶಾಲು ಸರಿಸಿ ನೋಡಿದೆ. ಬಲ ಹಿಮ್ಮಡಿಯಲ್ಲಿ ಎರಡು ರೂಪಾಯಿ ನಾಣ್ಯದಷ್ಟು ಕಪ್ಪು ಚಕ್ಕೆ. ಸೊಂಟದ ಕೆಳಗಿನದನ್ನು ವರ್ಣಿಸುವುದಿಲ್ಲ. ನಾವೇ ಕೊಡಿಸಿದ್ದ ಗಾಳಿ ಹಾಸಿಗೆ ಅವಳ ಕೆಳಗೆ ಚಪ್ಪಟೆಯಾಗಿ ಬಿದ್ದಿತ್ತು. ಅದರ ಪಂಪಿನ ಪ್ಲಗ್ ಕಿತ್ತು ಆ ಜಾಗದಲ್ಲಿ ಯಾರದೋ ಮೊಬೈಲ್ ಚಾರ್ಜಿಗೆ ಹಾಕಿದ್ದರು.

ಅಂದೇ ಸಂಜೆ ಆಂಬುಲೆನ್ಸ್ ಕರೆಸಿ ಆಸ್ಪತ್ರೆಗೆ ಸೇರಿಸಿದೆ. ಹನ್ನೆರಡು ದಿನ, ಸತ್ತ ಮಾಂಸ ಕೆತ್ತಿ ತೆಗೆದರು. ಮೂತ್ರದ ಸೋಂಕು ಬೇರೆ, ಮೈಯಲ್ಲಿ ನೀರಿಲ್ಲದ್ದಕ್ಕೆ ಮೂತ್ರಪಿಂಡವೂ ಸೋತಿತ್ತು. ವೈದ್ಯರು ತಿಳಿಸಿದ್ದು ಇಷ್ಟು: ಎಲುಬಿಗೂ ಹಾಸಿಗೆಗೂ ನಡುವೆ ಸಿಕ್ಕ ಮಾಂಸಕ್ಕೆ ರಕ್ತ ಹೋಗುವುದಿಲ್ಲ, ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸದಿದ್ದರೆ ಅದು ಒಳಗಿನಿಂದಲೇ ಸಾಯುತ್ತದೆ. ಮೊದಲ ಗುರುತು ಒಂದು ಕೆಂಪು ಕಲೆ. ಬೆರಳಿನಿಂದ ಒತ್ತಿದರೆ ಅದು ಬಿಳಿಯಾಗಬೇಕು, ಆಗದಿದ್ದರೆ ಹಾಸಿಗೆ ಹುಣ್ಣು ಶುರುವಾಗಿದೆ ಎಂದರ್ಥ. ಕಪ್ಪು ಮೈಬಣ್ಣದವರಲ್ಲಿ ಕೆಂಪು ಎದ್ದು ಕಾಣುವುದಿಲ್ಲ, ಮುಟ್ಟಿ ಬಿಸಿಯಾಗಿದೆಯೇ, ಗಟ್ಟಿಯಾಗಿದೆಯೇ ಎಂದು ನೋಡಬೇಕು. ಹಿಮ್ಮಡಿ, ಸೊಂಟದ ಕೆಳಗು, ತೊಡೆಯ ಹೊರಬದಿ, ಮೊಣಕೈ, ತಲೆಯ ಹಿಂಬದಿ. ಭೇಟಿಗೆ ಹೋದವರು ಹಣೆ ಸವರಿ ಬರುತ್ತೇವೆ, ಹಿಮ್ಮಡಿ ಮುಟ್ಟುವುದಿಲ್ಲ.

ತೂಕಡಿಕೆಯ ಗುಟ್ಟೂ ಅಲ್ಲೇ ಬಯಲಾಯಿತು. ಆಶ್ರಮದವರು ಕೊಟ್ಟ ಔಷಧದ ಚೀಲದಲ್ಲಿ ಕ್ವೆಟಿಯಾಪಿನ್ ಮಾತ್ರೆಯ ಪಟ್ಟಿ ಇತ್ತು. “ಇದನ್ನು ಬರೆದವರು ಯಾರು?” ಎಂದು ವೈದ್ಯರು ಕೇಳಿದರು. ನಮ್ಮ ಯಾವ ಚೀಟಿಯಲ್ಲೂ ಅದಿರಲಿಲ್ಲ. ತೀವ್ರ ಮಾನಸಿಕ ಕಾಯಿಲೆಗಳಿಗೆ ಕೊಡುವ ಗುಳಿಗೆಯಂತೆ ಅದು. ಮರೆವಿನ ಕಾಯಿಲೆ ಇರುವ ವೃದ್ಧರಿಗೆ ಈ ಬಗೆಯ ಗುಳಿಗೆಗಳಿಂದ ಸಾವಿನ ಅಪಾಯ ಹೆಚ್ಚುತ್ತದೆ ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2005ರಲ್ಲೇ ಎಚ್ಚರಿಸಿದೆ. ಅವ್ವನಿಗೆ ಮರೆವೂ ಇಲ್ಲ, ಮಾನಸಿಕ ಕಾಯಿಲೆಯೂ ಇಲ್ಲ. ಅವಳಿಗಿದ್ದದ್ದು ಬಾಯಾರಿಕೆ, ಅದಕ್ಕಾಗಿ ರಾತ್ರಿ ಒಂದೇ ಸಮನೆ ‘ಹೂಂ ಹೂಂ’ ಎನ್ನುತ್ತಿದ್ದಳು. ಇಪ್ಪತ್ತೆರಡು ಜನರಿಗೆ ರಾತ್ರಿ ಇದ್ದದ್ದು ಒಬ್ಬಳೇ ಆಯಾ. ಆಸ್ಪತ್ರೆಗೆ ಅವ್ವನನ್ನು ನೋಡಲು ಬಂದು ಅತ್ತವಳೂ ಅವಳೇ. ಅಜ್ಜಿ ಮೇಲೆ ಹೋದ ಮೇಲೆ ಇವಳಿಗೆ ನೀರು ಕುಡಿಸುವವರು ಇರಲಿಲ್ಲ ಅಕ್ಕಾ, ಅದುವರೆಗೆ ಹಗಲು ರಾತ್ರಿ ಕುಡಿಸಿದ್ದು ಅವರೇ ಎಂದಳು.

ಎಂಟು ತಿಂಗಳು ನಾನು ತಿಂಗಳಿಗೆ ಹದಿನಾಲ್ಕು ಸಾವಿರ ಕೊಟ್ಟದ್ದು ಒಬ್ಬರಿಗೆ, ಕೆಲಸ ಮಾಡಿದ್ದು ಪಕ್ಕದ ಮಂಚದ ಇನ್ನೊಬ್ಬರು.

ಆದ್ದರಿಂದ ನೋಡಲು ಹೋಗುವವರು ಸಭಾಂಗಣ ಬಿಟ್ಟು ಕೋಣೆಗಳಿಗೆ ಹೋಗಿ. ಪಕ್ಕದ ಮಂಚದಲ್ಲಿ ಯಾರಿದ್ದಾರೆ, ಅವರಿಗೆ ಮಾತು ಬರುತ್ತದೆಯೇ, ಭಾಷೆ ಒಂದೇ ಏನು ಎಂದು ವಿಚಾರಿಸಿ. ನಮಗೆ ತಿಳಿಸದೆ ಕೋಣೆ ಬದಲಿಸುವಂತಿಲ್ಲ, ಪಕ್ಕದವರು ಬದಲಾದರೂ ಹೇಳಬೇಕು ಎಂದು ಕರಾರಿನಲ್ಲೇ ಬರೆಸಿ. ವಾರದ ನಡುವೆ, ಊಟ ಮುಗಿದ ಮೇಲೆ, ಹೇಳದೆ ಹೋಗಿ. ಬಿಡುವುದಿಲ್ಲ ಎಂದರೆ ಅಲ್ಲಿಂದಲೇ ಹಿಂದಿರುಗಿ. ರಾತ್ರಿ ಎಷ್ಟು ಜನ ಎಚ್ಚರವಿರುತ್ತಾರೆ ಎಂದು ಕೇಳಿ, ‘ಇರುತ್ತಾರೆ’ ಎಂಬ ಉತ್ತರಕ್ಕೆ ಸುಮ್ಮನಾಗಬೇಡಿ. ರಾತ್ರಿಯೂಟ ಎಷ್ಟು ಹೊತ್ತಿಗೆ ಎಂಬುದನ್ನೂ ಕೇಳಿ. ಅಲ್ಲಿ ಸಂಜೆ ಆರಕ್ಕೇ ಅನ್ನ ತಿನ್ನಿಸಿ ಕೈತೊಳೆಯುತ್ತಿದ್ದರು, ಮತ್ತೆ ಬಾಯಿಗೆ ಏನಾದರೂ ಬೀಳುವುದು ಬೆಳಿಗ್ಗೆ ಎಂಟೂವರೆಗೆ.

ಇನ್ನೊಂದನ್ನು ಹೇಳಲು ಸಂಕೋಚ, ಆದರೂ ಹೇಳುತ್ತೇನೆ. ಗುಳೇದಗುಡ್ಡ ಅಲ್ಲಿಂದ ಒಂದು ತಾಸಿನ ದಾರಿ. ಅಲ್ಲಿ ಚಿಗವ್ವ ಇದ್ದಾಳೆ, ಅವ್ವನ ಜೊತೆ ಮಗ್ಗದಲ್ಲಿ ಕುಳಿತವರು ಹತ್ತು ಮನೆ ಇದ್ದಾರೆ. ಅವರಿಗೆ ನಾವು ಅವ್ವ ಹುಬ್ಬಳ್ಳಿಯಲ್ಲಿ ನನ್ನ ಬಳಿ ಇದ್ದಾಳೆ ಎಂದು ಸುಳ್ಳು ಹೇಳಿದ್ದೆವು. ಇಬ್ಬರು ಮಕ್ಕಳಿದ್ದೂ ಆಶ್ರಮಕ್ಕೆ ಹಾಕಿದರು ಎನ್ನುತ್ತಾರಲ್ಲ, ಅದಕ್ಕೆ. ಹೇಳಿದ್ದರೆ ಸಂತೆಗೆ ಬಂದ ಯಾರಾದರೂ ಮಂಗಳವಾರವೋ ಗುರುವಾರವೋ ಹಣಿಕಿ ಹಾಕುತ್ತಿದ್ದರು. ನಮ್ಮ ನಾಚಿಕೆಯಿಂದ ಆಶ್ರಮದವರಿಗೆ ಆದ ಅನುಕೂಲ ಸಣ್ಣದಲ್ಲ.

ಠೇವಣಿ ಕೇಳಿದರೆ, ಮೂರು ತಿಂಗಳ ಮುಂಚಿತ ನೋಟಿಸು ಕೊಡದೆ ಬಿಟ್ಟರೆ ಮರಳಿಸುವುದಿಲ್ಲ ಎಂಬ ಷರತ್ತು ತೋರಿಸಿದರು. ವಯಸ್ಸಾದವರಿಗೆ ಹುಣ್ಣಾಗುವುದು ಸಹಜ ಎಂದರು. ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗಕ್ಕೆ ಸೇವಾ ನ್ಯೂನತೆಯ ದೂರು ಕೊಟ್ಟಿದ್ದೇನೆ. ಕೊಟ್ಟ ಹಣ ಐದು ಲಕ್ಷದೊಳಗಿದ್ದರೆ ದೂರಿಗೆ ಶುಲ್ಕವಿಲ್ಲ, ಎರಡು ವರ್ಷದೊಳಗೆ ಕೊಡಬೇಕು. ನನ್ನ ಕೈ ಹಿಡಿದದ್ದು ಆ ಹೊತ್ತಿನಲ್ಲಿ ಮೊಬೈಲಿನಲ್ಲಿ ತೆಗೆದ ಮೂರು ಫೋಟೋ: ಎಂಟರ ಮನೆ ತುಂಬಿದ ಪಟ್ಟಿ, ಲೋಟ, ಪ್ಲಗ್ಗು. ಆಸ್ಪತ್ರೆಯಲ್ಲಿ ಸೇರಿಸುವಾಗಲೇ ಹುಣ್ಣಿನ ಅಳತೆ, ಅದು ಬರುವಾಗಲೇ ಇತ್ತು ಎಂಬುದನ್ನು ಬರೆಸಿಕೊಳ್ಳಿ. ಹಿರಿಯರ ಸಹಾಯವಾಣಿ 14567 ಉಚಿತ, ಅಲ್ಲಿಯೂ ಹೇಳಬಹುದು. ಹಿರಿಯ ನಾಗರಿಕರ 2007ರ ಕಾಯ್ದೆ ಇದೆಯಲ್ಲ ಎಂದು ಹಲವರು ನನಗೆ ಹೇಳಿದರು. ಉಪವಿಭಾಗಾಧಿಕಾರಿಯ ನ್ಯಾಯಮಂಡಳಿಗೆ ಅದರಡಿ ಹೋಗುವುದು ಮುಖ್ಯವಾಗಿ ನೋಡಿಕೊಳ್ಳದ ಮಕ್ಕಳ ವಿರುದ್ಧ. ಓದುತ್ತ ಹೋದಂತೆ ಅಲ್ಲಿ ನನ್ನ ಮುಖವೇ ಕಾಣತೊಡಗಿತು, ಮುಚ್ಚಿಟ್ಟೆ.

ಅವ್ವ ಈಗ ಹುಬ್ಬಳ್ಳಿಯಲ್ಲಿದ್ದಾಳೆ, ಚಿಗವ್ವ ಬಂದು ಜೊತೆಗಿದ್ದಾಳೆ. ಹಿಮ್ಮಡಿ ಕೂಡಿಕೊಂಡಿದೆ, ಸೊಂಟದ್ದು ಇನ್ನೂ ಪೂರ್ತಿ ಇಲ್ಲ. ಜಮಖಂಡಿ ಅಜ್ಜಿಯ ಜೊತೆ ಮಾತಾಡಿಸಿ ಎಂದು ಆಶ್ರಮಕ್ಕೆ ನಾಲ್ಕು ಸಲ ಫೋನು ಮಾಡಿದೆ, ನಾಲ್ಕು ಸಲವೂ ಮಲಗಿದ್ದಾರೆ ಎಂದರು. ಅವರ ಮಗನ ಸಂಖ್ಯೆ ನನ್ನ ಬಳಿ ಇಲ್ಲ. 2024ರ ದಸರೆಯ ನಂತರ ತಾಯಿಯನ್ನು ಮೇಲಿನ ಮಹಡಿಯ ಒಂಟಿ ಕೋಣೆಗೆ ಹಾಕಿಸಿದವರು ನೀವೇ ಆಗಿದ್ದು, ಇದನ್ನು ಓದುತ್ತಿದ್ದರೆ, ದಯವಿಟ್ಟು ಅವರನ್ನು ಜನರಿರುವ ಕೋಣೆಗೆ ಇಳಿಸಿ. ಈ ವಾರವೇ ಹೋಗಿ, ಭಾನುವಾರಕ್ಕೆ ಕಾಯಬೇಡಿ. ಹೋಗುವಾಗ ಎಲೆ ಅಡಿಕೆ ಒಯ್ಯಿರಿ. ಕುಟ್ಟಣಿಗೆಯನ್ನು ಸದ್ದಾಗುತ್ತದೆ ಎಂದು ತೆಗೆದಿಟ್ಟಿದ್ದಾರಂತೆ, ಅದನ್ನೂ ಕೇಳಿ ಇಸಿದುಕೊಡಿ.