ಮಗನ ಉಬ್ಬಸಕ್ಕೆ ತಂದ ಸ್ಪೇಸರ್: ಎರಡು ವರ್ಷ ಬಳಸಿದ ಮೇಲೆ

ಮಗನಿಗೆ ಉಬ್ಬಸ ಎಂದು ಗೊತ್ತಾದಾಗ ಅವನಿಗೆ ನಾಲ್ಕು ವರ್ಷ. ಶಿವಮೊಗ್ಗದಲ್ಲಿ ನಾವು ತೋರಿಸುವ ಮಕ್ಕಳ ಡಾಕ್ಟರ್ ಇನ್ಹೇಲರ್ ಜೊತೆ ಸ್ಪೇಸರ್ ಬರೆದುಕೊಟ್ಟರು. ನೋಡಿದರೆ ಒಂದು ಪ್ಲಾಸ್ಟಿಕ್ ಕೊಳವೆ. ಒಂದು ತುದಿಗೆ ಇನ್ಹೇಲರ್ ಸಿಕ್ಕಿಸಬೇಕು, ಇನ್ನೊಂದು ತುದಿಗೆ ಮಾಸ್ಕ್. ಮಾಸ್ಕ್ ಸೇರಿ 500 ರೂಪಾಯಿ ಒಳಗೆ ಬಂತು. ಇಷ್ಟರಿಂದ ಮಗುವಿನ ಉಸಿರು ಸರಿಹೋಗುತ್ತದೆ ಎಂದು ನನಗೆ ನಂಬಿಕೆ ಬರಲಿಲ್ಲ. ಅತ್ತೆಗೆ ಬೇರೆಯೇ ಭಯ. "ಕೂಸಿಗೆ ಈಗಲೇ ಪಂಪ್ ಅಭ್ಯಾಸ ಮಾಡಬೇಡ ಮಾರಾಯ್ತಿ" ಎಂದರು.

ಅಭ್ಯಾಸ ಆಗುವ ಮಾತೇ ಇಲ್ಲ ಎಂದು ಡಾಕ್ಟರ್ ಅತ್ತೆಗೇ ಬಿಡಿಸಿ ಹೇಳಿದರು. ಔಷಧ ನೇರ ಶ್ವಾಸಕೋಶಕ್ಕೆ ಹೋಗುವುದರಿಂದ ಸಿರಪ್‌ಗಿಂತ ತುಂಬಾ ಕಡಿಮೆ ಸಾಕಂತೆ. ಆದರೆ ಇನ್ಹೇಲರ್ ಒತ್ತಿದರೆ ಔಷಧ ಭಾರಿ ರಭಸದಿಂದ ಹೊರಬರುತ್ತದೆ. ಸರಿಯಾಗಿ ಅದೇ ಕ್ಷಣಕ್ಕೆ ಉಸಿರು ಎಳೆಯಲು ಚಿಕ್ಕ ಮಕ್ಕಳಿಗೆ ಬರುವುದಿಲ್ಲ, ಅಲ್ವಾ? ಹಾಗಾಗಿ ಬಹಳಷ್ಟು ಔಷಧ ಗಂಟಲಿಗೆ ಬಡಿದು ಅಲ್ಲೇ ಉಳಿಯುತ್ತದೆ. ಸ್ಪೇಸರ್ ಒಳಗೆ ಅದರ ವೇಗ ತಗ್ಗುತ್ತದೆ. ಮಗು ಸುಮ್ನೆ ತನ್ನ ಪಾಡಿಗೆ ಐದಾರು ಸಲ ಉಸಿರಾಡಿದರೆ ಸಾಕು.

ಕೊರತೆಗಳೂ ಇವೆ. ನಮಗೆ ಮೊದಲು ಸಿಕ್ಕ ಮಾಸ್ಕ್ ಗಟ್ಟಿಯಾಗಿತ್ತು, ಕೆನ್ನೆಗೆ ಸರಿಯಾಗಿ ಕೂರುತ್ತಿರಲಿಲ್ಲ. ಪಕ್ಕದಿಂದ ಔಷಧ ಸೋರುತ್ತಿತ್ತು. ಅಂಗಡಿಯವರು ಬದಲಿಸಿಕೊಡಲಿಲ್ಲ. ಡಬ್ಬಿಯೊಳಗಿನ ಚೀಟಿಯಲ್ಲಿ ಕನ್ನಡದ ಒಂದಕ್ಷರವೂ ಇಲ್ಲ, ಇದು ನನಗೆ ತುಂಬಾ ಬೇಜಾರು. ಏಕೆಂದರೆ ತೊಳೆಯುವ ರೀತಿ ಗೊತ್ತಿಲ್ಲದೆ ನಾನು ತಿಂಗಳುಗಟ್ಟಲೆ ಬಟ್ಟೆಯಿಂದ ಒಳಗೆ ಉಜ್ಜುತ್ತಿದ್ದೆ. ಉಜ್ಜಿದರೆ ಪ್ಲಾಸ್ಟಿಕ್ ಮೇಲೆ ಸ್ಥಿರ ವಿದ್ಯುತ್ ಹುಟ್ಟಿ ಔಷಧ ಗೋಡೆಗೇ ಅಂಟುತ್ತದಂತೆ. ಪಾತ್ರೆ ತೊಳೆಯುವ ಸೋಪಿನ ನೀರಲ್ಲಿ ಅದ್ದಿ, ಒರೆಸದೆ ಹಾಗೇ ಒಣಗಲು ಬಿಡಬೇಕು.

ಇದರ ಬೆಲೆ ನನಗೆ ತಿಳಿದದ್ದು ಹೋದ ಮಳೆಗಾಲದಲ್ಲಿ. ಮಗನಿಗೆ ಐದೂವರೆ ಆಗಿತ್ತು. ತೀರ್ಥಹಳ್ಳಿ ಹತ್ತಿರದ ಅತ್ತೆ ಮನೆಗೆ ಹೋಗಿದ್ದೆವು. ಬಚ್ಚಲ ಒಲೆಗೆ ಹಸಿ ಕಟ್ಟಿಗೆ ಹಾಕಿದ್ದರು, ಮನೆ ತುಂಬಾ ಹೊಗೆ. ರಾತ್ರಿ ಅವನ ಎದೆ ಸುಯ್‌ಗುಟ್ಟಲು ಶುರುವಾಯಿತು. ಇನ್ಹೇಲರ್ ಇತ್ತು, ಸ್ಪೇಸರ್ ಮನೆಯಲ್ಲೇ ಬಿಟ್ಟು ಬಂದಿದ್ದೆ. ಡಾಕ್ಟರಿಗೆ ಫೋನ್ ಮಾಡಿದೆ. "ಅರ್ಧ ಲೀಟರ್ ನೀರಿನ ಬಾಟಲಿ ಇದೆಯಾ? ತಳದಲ್ಲಿ ಇನ್ಹೇಲರ್ ಬಾಯಿಯ ಅಳತೆಗೇ ತೂತು ಮಾಡಿ. ಸಂದಿ ಇರಬಾರದು. ಕಡಿಮೆಯಾಗದಿದ್ದರೆ ಕಾಯಬೇಡಿ, ಆಸ್ಪತ್ರೆಗೆ ಹೊರಡಿ" ಎಂದರು. ಮಾವ ತಂತಿ ಬಗ್ಗಿಸಿ, ಕಾಯಿಸಿ ತೂತು ಮಾಡಿದರು. ನಮ್ಮವರು ಸುತ್ತ ಟೇಪ್ ಹಾಕಿದರು. ಬಾಟಲಿ ಬಾಯಿಗೆ ತುಟಿ ಒತ್ತಿ ಮಗ ಉಸಿರಾಡಿದ. ಒಂದು ಸಲಕ್ಕೆ ಒಂದೇ ಪಫ್. ಸ್ವಲ್ಪ ಹೊತ್ತಿಗೆ ಸುಯ್ ಸದ್ದು ತಗ್ಗಿತು. ಜೀಪು ತಯಾರಿಟ್ಟಿದ್ದೆವು, ಬೇಕಾಗಲಿಲ್ಲ.

ಆ ಬಾಟಲಿ ಡಾಕ್ಟರ್ ಆಗ ಹೊಳೆಸಿಕೊಂಡ ಉಪಾಯ ಎಂದುಕೊಂಡಿದ್ದೆ. ಅಲ್ಲವಂತೆ. ದಕ್ಷಿಣ ಆಫ್ರಿಕಾದ ಕೇಪ್ ಟೌನ್‌ನಲ್ಲಿ ಹೆದರ್ ಝಾರ್ ಎಂಬ ಮಕ್ಕಳ ಶ್ವಾಸಕೋಶದ ವೈದ್ಯೆ ಇದನ್ನು ಪರೀಕ್ಷೆ ಮಾಡಿಯೇ ತೋರಿಸಿದ್ದಾರೆ. ಅಲ್ಲಿಯೂ ಸ್ಪೇಸರ್ ಕೊಳ್ಳಲಾಗದ ಮನೆಗಳು ಬಹಳ. ಅವರ ತಂಡ 5ರಿಂದ 13 ವರ್ಷದ 88 ಮಕ್ಕಳಿಗೆ ಉಬ್ಬಸ ಜೋರಾಗಿದ್ದಾಗ ಬೇರೆ ಬೇರೆ ಸಾಧನ ಕೊಟ್ಟು ನೋಡಿತು. ಸಂದಿಗೆ ಅಂಟು ಹಾಕಿದ 500 ಮಿಲಿ ಬಾಟಲಿ, ಅಂಗಡಿಯ ಸ್ಪೇಸರ್‌ನಷ್ಟೇ ಕೆಲಸ ಮಾಡಿತ್ತು. ಥರ್ಮಾಕೋಲ್ ಲೋಟ ಎಲ್ಲಕ್ಕಿಂತ ಹಿಂದೆ ಬಿತ್ತು. ಇದು 1999ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂದಿದೆ. ಅದೇ ವೈದ್ಯೆ ಆಮೇಲೆ ಅದೇ ದೇಶದ ಪಾರ್ಲ್ ಊರಿನ ಬಳಿ 1,000ಕ್ಕೂ ಹೆಚ್ಚು ಗರ್ಭಿಣಿಯರನ್ನು ಸೇರಿಸಿಕೊಂಡು, ಹುಟ್ಟಿದ ಮಕ್ಕಳ ಉಸಿರನ್ನು ವರ್ಷಗಟ್ಟಲೆ ಗಮನಿಸಿದ್ದಾರೆ. ಮನೆಯೊಳಗಿನ ಹೊಗೆಯನ್ನೂ ಅಳೆದಿದ್ದಾರೆ. ಇದನ್ನು ಅತ್ತೆಗೆ ಹೇಳಿದೆ. ಈಗ ನಾವು ಹೋದಾಗ ಬಚ್ಚಲಿಗೆ ಒಣ ಕಟ್ಟಿಗೆ ಮಾತ್ರ, ಅದೂ ಮಗ ಏಳುವ ಮೊದಲೇ. ಅಷ್ಟು ದೂರದ ಊರಿನ ಆ ತಾಯಿಗೆ ಒಂದು ನಮಸ್ಕಾರ ಹೇಳಬೇಕು ಅನಿಸುತ್ತದೆ.

ಸ್ಪೇಸರ್ ಖಂಡಿತ ಕೊಳ್ಳಿ. ಬಾಟಲಿ ಆಪತ್ತಿಗೆ ಮಾತ್ರ. ಮಾಸ್ಕ್ ಬಿಚ್ಚಿ ನೇರ ಬಾಯಲ್ಲಿ ಇಟ್ಟುಕೊಳ್ಳಲು ಬರುವಂಥದ್ದೇ ಕೇಳಿ, ಮಗು ಬೆಳೆದ ಮೇಲೂ ನಡೆಯುತ್ತದೆ. ಅಂಗಡಿಗೆ ಹೋಗುವಾಗ ಮಗುವನ್ನು ಕರೆದುಕೊಂಡು ಹೋಗಿ, ಇನ್ಹೇಲರ್ ಕೂಡ ಜೊತೆಗಿರಲಿ. ದುಡ್ಡು ಕೊಡುವ ಮೊದಲೇ ಮಾಸ್ಕ್ ಮುಖಕ್ಕೆ ಇಟ್ಟು ನೋಡಿ.