ದರೋಡೆ ಕೇಸಿನ ಅಪೀಲನ್ನು ಕಿವಿಯಾರೆ ಕೇಳಲು: ಓಯೆಜ್ ವೆಬ್‌ಸೈಟ್ ಹೇಗಿದೆ?

ಅಪೀಲು ಅಂದರೆ ಸಾಕ್ಷಿಗಳನ್ನು ಮತ್ತೆ ಕರೆಸಿ 'ಇವನೇ ಮಾಡಿದ್ದಾ, ಅಲ್ವಾ' ಅಂತ ಮೊದಲಿಂದ ವಿಚಾರಿಸುವುದು ಎಂದು ತುಂಬಾ ಜನ ಅಂದುಕೊಂಡಿದ್ದಾರೆ. ಅಮೆರಿಕದ ಸುಪ್ರೀಂ ಕೋರ್ಟಿನಲ್ಲಿ ಹಾಗಲ್ಲ. ಸಾಕ್ಷಿ ಇಲ್ಲ, ಜ್ಯೂರಿ ಇಲ್ಲ. ಒಂಬತ್ತು ನ್ಯಾಯಮೂರ್ತಿಗಳು, ಎರಡು ಕಡೆಯ ವಕೀಲರು, ಹೆಚ್ಚುಕಡಿಮೆ ಒಂದು ಗಂಟೆ ಮಾತು, ಅಷ್ಟೇ. ಆ ಒಂದು ಗಂಟೆಯನ್ನು ಮನೆಯಲ್ಲೇ ಕೂತು ಕೇಳಬೇಕು ಅಂದರೆ ಓಯೆಜ್‌ಗಿಂತ ಒಳ್ಳೆಯ ಜಾಗ ನಾನು ನೋಡಿಲ್ಲ.

ಪೂರ್ತಿ ಉಚಿತ. ಕಾರ್ನೆಲ್ ವಿಶ್ವವಿದ್ಯಾಲಯದ ಲೀಗಲ್ ಇನ್‌ಫರ್ಮೇಷನ್ ಇನ್‌ಸ್ಟಿಟ್ಯೂಟ್, ಕಾನೂನು ಮಾಹಿತಿಯ ವೆಬ್‌ಸೈಟ್ ಜಸ್ಟಿಯಾ, ಶಿಕಾಗೊ-ಕೆಂಟ್ ಕಾನೂನು ಕಾಲೇಜು ಸೇರಿ ನಡೆಸುತ್ತವೆ. ಆ ಕೋರ್ಟು ವಾದಗಳನ್ನು ರೆಕಾರ್ಡ್ ಮಾಡಲು ಶುರು ಮಾಡಿದ್ದು 1955ರಲ್ಲಿ, ಅಲ್ಲಿಂದ ಇಲ್ಲಿವರೆಗಿನ ಆಡಿಯೋ ಇದರಲ್ಲಿದೆ.

ಯಾವುದರಿಂದ ಶುರು ಮಾಡೋದು ಅಂತ ಕೇಳಿದರೆ ನಾನು ಹೇಳುವುದು 'ಯುನೈಟೆಡ್ ಸ್ಟೇಟ್ಸ್ ವರ್ಸಸ್ ಡೇವಿಸ್', 2019. ಟೆಕ್ಸಾಸ್‌ನಲ್ಲಿ ಇಬ್ಬರು ಪೆಟ್ರೋಲ್ ಬಂಕಿನ ಅಂಗಡಿಗಳಿಗೆ ಸಾಲಾಗಿ ನುಗ್ಗಿ, ಮೋಟು ನಳಿಕೆಯ ಬಂದೂಕು ತೋರಿಸಿ ದೋಚಿದ್ದರು. ದರೋಡೆಗೆ ಒಂದು ಶಿಕ್ಷೆ. ಅದರ ಮೇಲೆ 'ಹಿಂಸೆಯ ಅಪರಾಧದಲ್ಲಿ ಬಂದೂಕು ಬಳಸಿದ್ದಕ್ಕೆ' ಬೇರೆ ಶಿಕ್ಷೆ, ಅದೂ ಒಂದು ಮುಗಿದ ಮೇಲೆ ಇನ್ನೊಂದು ಅನ್ನುವ ಹಾಗೆ. ಬಂದೂಕಿನ ಲೆಕ್ಕದಲ್ಲೇ ತಲಾ 35 ವರ್ಷ! ಎಲ್ಲಾ ಸೇರಿ ಒಬ್ಬನಿಗೆ 41 ವರ್ಷ, ಇನ್ನೊಬ್ಬನಿಗೆ 50ಕ್ಕೂ ಜಾಸ್ತಿ. ನಮ್ಮಲ್ಲಿ ಸುಲಿಗೆ ಮಾಡುವಾಗ ಮಾರಕಾಯುಧ ಬಳಸಿದರೆ ಕನಿಷ್ಠ 7 ವರ್ಷ (ಹಿಂದೆ ಐಪಿಸಿ 397, ಈಗ ಬಿಎನ್‌ಎಸ್ 311). ವ್ಯತ್ಯಾಸ ನೋಡಿ.

ಬಂದೂಕಿನ ಆರೋಪ ಎರಡಿತ್ತು. ಒಂದು ದರೋಡೆಗೆ ಸೇರಿದ್ದು, ಇನ್ನೊಂದು ದರೋಡೆಯ ಸಂಚಿಗೆ. ಜಗಳ ಎರಡನೆಯದರ ಮೇಲೆ. ಸಂಚು ಅಂದರೆ ಒಪ್ಪಂದ, ಬರೀ ಒಪ್ಪಂದ 'ಹಿಂಸೆಯ ಅಪರಾಧ' ಆಗುತ್ತದಾ? 'ಸ್ವಭಾವತಃ ಬಲಪ್ರಯೋಗದ ಗಣನೀಯ ಅಪಾಯ ಇರುವ ಅಪರಾಧ' ಅನ್ನುವ ಅರ್ಥದ ಒಂದು ಸಾಲು ಕಾನೂನಿನಲ್ಲಿತ್ತು. ಆ ಸಾಲಿನ ಅರ್ಥ ಸ್ಪಷ್ಟವಾಗಿದೆಯಾ, ಇಲ್ಲಾ ತಲೆಬುಡವೇ ಇಲ್ಲವಾ ಅನ್ನುವುದೇ ಪ್ರಶ್ನೆ.

ಇಲ್ಲಿ ಓಯೆಜ್ ಕೆಲಸಕ್ಕೆ ಬರುತ್ತದೆ. ಪ್ಲೇ ಒತ್ತಿದರೆ ಮಾತಿನ ಜೊತೆ ಜೊತೆಗೇ ಪಠ್ಯ ಓಡುತ್ತದೆ, ಮಾತಾಡುತ್ತಿರುವ ಸಾಲಿಗೆ ಬಣ್ಣ ಬರುತ್ತದೆ, ಪಕ್ಕದಲ್ಲಿ ಯಾರ ಮಾತು ಅಂತ ಫೋಟೋ ಮತ್ತು ಹೆಸರು. ಅರ್ಥ ಆಗದಿದ್ದರೆ ಆ ಸಾಲಿನ ಮೇಲೆ ಒತ್ತಿ, ಅಲ್ಲಿಂದಲೇ ಮತ್ತೆ ಕೇಳಬಹುದು. ಅಮೆರಿಕನ್ ಇಂಗ್ಲಿಷ್ ಕಿವಿಗೆ ಬೀಳುವುದು ಕಷ್ಟ ಅನ್ನುವವರಿಗೆ ಇದೊಂದೇ ಸಾಕು. ಆ ಎರಡನೆಯ ಆರೋಪದ ವಿಚಾರದಲ್ಲಿ ಕೆಳಗಿನ ಅಪೀಲು ಕೋರ್ಟಿನಲ್ಲಿ ಸೋತು ಸುಪ್ರೀಂ ಕೋರ್ಟಿಗೆ ಬಂದಿದ್ದು ಸರ್ಕಾರ, ಹಾಗಾಗಿ ಸರ್ಕಾರಿ ವಕೀಲರೇ ಮೊದಲು ಏಳುತ್ತಾರೆ. ಈಗಿನ ಹಾಗೆ ಮೊದಲ ಎರಡು ನಿಮಿಷ ವಕೀಲರನ್ನು ತಡೆಯಬಾರದು ಅನ್ನುವ ಪದ್ಧತಿ ಬಂದಿದ್ದು ಅದೇ ವರ್ಷ ಅಕ್ಟೋಬರ್‌ನಲ್ಲಿ. ಈ ವಾದ ನಡೆದದ್ದು ಏಪ್ರಿಲ್‌ನಲ್ಲಿ.

ಸರ್ಕಾರ ಕೇಳಿದ್ದು ಇಷ್ಟು: ಅಪರಾಧದ ಹೆಸರು ಬಿಡಿ, ಇವರು ನಿಜವಾಗಿ ಏನು ಮಾಡಿದರು ಅಂತ ನೋಡಿ. ಕೇಳಲು ನ್ಯಾಯವಾಗಿಯೇ ಇದೆ. ಆದರೆ ವರ್ಷಗಟ್ಟಲೆ ಇದೇ ಸರ್ಕಾರ ಇದಕ್ಕೆ ಉಲ್ಟಾ ಅರ್ಥ ಹಿಡಿದು ವಾದಿಸಿತ್ತು! ಜೂನ್ 24ರಂದು 5-4ರಲ್ಲಿ ಸರ್ಕಾರದ ಈ ವಾದ ಬಿತ್ತು, ಆ ಸಾಲು ಅಸ್ಪಷ್ಟ ಅಂತ ರದ್ದಾಯಿತು. ಬಹುಮತದ ತೀರ್ಪು ಬರೆದದ್ದು ನ್ಯಾಯಮೂರ್ತಿ ಗೋರ್ಸಚ್, ಭಿನ್ನ ತೀರ್ಪು ಬರೆದದ್ದು ನ್ಯಾಯಮೂರ್ತಿ ಕವನಾ. ಇಬ್ಬರನ್ನೂ ನೇಮಿಸಿದ್ದು ಟ್ರಂಪ್ ಅನ್ನುವುದು ನೆನಪಿರಲಿ. ಓಯೆಜ್ ಪುಟದಲ್ಲಿ ಯಾರು ಯಾವ ಕಡೆ ಅಂತ ಒಂಬತ್ತು ಮುಖಗಳನ್ನು ಬಣ್ಣದಲ್ಲಿ ಬೇರೆ ಮಾಡಿ ತೋರಿಸಿದ್ದಾರೆ, ಒಂದೇ ನೋಟಕ್ಕೆ ತಿಳಿಯುತ್ತದೆ.

ದರೋಡೆಯ ಆರೋಪಗಳು ಬೀಳಲಿಲ್ಲ, ದರೋಡೆಗೆ ಸೇರಿದ ಬಂದೂಕಿನ ಆರೋಪವೂ ಉಳಿಯಿತು. 'ಕೋರ್ಟು ದರೋಡೆಕೋರರನ್ನು ಬಿಟ್ಟುಬಿಟ್ಟಿತು' ಅನ್ನುವವರು ಇದನ್ನು ತಿಳಿದುಕೊಳ್ಳಬೇಕು. ಬಂದೂಕು ಹಿಡಿದು ನುಗ್ಗಿದವನಿಗೂ, ಯಾವುದು ತಪ್ಪು, ಅದಕ್ಕೆ ಎಷ್ಟು ಶಿಕ್ಷೆ ಅಂತ ಕಾನೂನು ಸ್ಪಷ್ಟವಾಗಿ ಹೇಳಲೇಬೇಕು. ನನಗೆ ಬಹುಮತದ ಮಾತೇ ಸರಿ ಅನ್ನಿಸುತ್ತದೆ.

ಕೊರತೆ ಇಲ್ಲದಿಲ್ಲ. ಪ್ರಕರಣದ ಸಾರಾಂಶ ತೀರಾ ಚಿಕ್ಕದು, ಅದೂ ವಕೀಲರ ಭಾಷೆಯಲ್ಲಿ. ಹಿನ್ನೆಲೆ ಗೊತ್ತಿಲ್ಲದವರಿಗೆ ಮೊದಲ ಹತ್ತು ನಿಮಿಷ ಏನೂ ತಲೆಗೆ ಹೋಗುವುದಿಲ್ಲ. ಎರಡು ಕಡೆಯವರ ಲಿಖಿತ ವಾದ ಬೇಕಿದ್ದರೆ ಕೋರ್ಟಿನದೇ ವೆಬ್‌ಸೈಟಿಗೆ ಹೋಗಬೇಕು. ಅದಕ್ಕೇ ಮೊದಲು ತೀರ್ಪಿನ ಶುರುವಿನ ಮೂರ್ನಾಲ್ಕು ಪುಟ ಓದಿ, ಆಮೇಲೆ ಪ್ಲೇ ಒತ್ತಿ. ಡೇವಿಸ್ ಮುಗಿದ ಮೇಲೆ 2022ರ 'ಯುನೈಟೆಡ್ ಸ್ಟೇಟ್ಸ್ ವರ್ಸಸ್ ಟೇಲರ್' ಕೇಳಿ. ಅಲ್ಲಿ ಪ್ರಶ್ನೆ ಸಂಚಿನದಲ್ಲ, ದರೋಡೆಯ ಯತ್ನದ್ದು, ಮತ್ತು ಈ ಸಲ ಕವನಾ ಕೂಡ ಬಹುಮತದ ಕಡೆ ಇದ್ದಾರೆ.