ಸ್ಟ್ಯಾಟಿಕ್, ಆರ್‌ಐಪಿ, ಒಎಸ್‌ಪಿಎಫ್: ಕಾಲೇಜಿನ ಜಾಲಕ್ಕೆ ಯಾವ ರೂಟಿಂಗ್?

ನಾಲ್ಕು ಕಟ್ಟಡಗಳ ಕಾಲೇಜಿನ ಜಾಲದಲ್ಲಿ ದತ್ತಾಂಶಕ್ಕೆ ದಾರಿ ತೋರಿಸಲು, ಅಂದರೆ ರೂಟಿಂಗ್‌ಗೆ, ಈ ಮೂರು ವಿಧಾನಗಳಲ್ಲಿ ಯಾವುದು ಸರಿ ಎಂದು ಕೇಳಿದ್ದೀರಿ. ಕೇಬಲ್ ಕಡಿದಾಗ ಏನಾಗುತ್ತದೆ ಎಂಬುದನ್ನೇ ಮೊದಲು ನೋಡಿ.

ಸ್ಟ್ಯಾಟಿಕ್‌ನಲ್ಲಿ ದಾರಿಗಳನ್ನು ನೀವೇ ಬರೆದಿಡಬೇಕು; ಬದಲಿ ದಾರಿಯನ್ನೂ ಮೊದಲೇ ಬರೆದಿರದಿದ್ದರೆ ಯಾರಾದರೂ ಬಂದು ತಿದ್ದುವವರೆಗೆ ಸಂಪರ್ಕವಿಲ್ಲ. ಆರ್‌ಐಪಿ, ಒಎಸ್‌ಪಿಎಫ್ ಎರಡೂ ರೂಟರುಗಳು ತಮ್ಮತಮ್ಮಲ್ಲಿ ದಾರಿಯ ಸುದ್ದಿ ಹಂಚಿಕೊಳ್ಳುವ ಪ್ರೋಟೋಕಾಲ್‌ಗಳು (ನಿಯಮಾವಳಿಗಳು). ಆರ್‌ಐಪಿ ತಾನೇ ದಾರಿ ಹುಡುಕುತ್ತದೆ, ಆದರೆ ನಿಧಾನ. 30 ಸೆಕೆಂಡಿಗೊಮ್ಮೆ ದಾರಿಗಳ ಪಟ್ಟಿ ಹಂಚುತ್ತದೆ. ಪಕ್ಕದ ರೂಟರ್ ಸದ್ದಿಲ್ಲದೆ ನಿಂತುಹೋದರೆ ಅದನ್ನು ಕೈಬಿಡಲು 180 ಸೆಕೆಂಡು ಬೇಕು. ಒಎಸ್‌ಪಿಎಫ್‌ನಲ್ಲಿ ಪ್ರತಿ ರೂಟರಿನ ಬಳಿಯೂ ಜಾಲದ ನಕ್ಷೆ ಇರುತ್ತದೆ. ಕೊಂಡಿ ಕಡಿದದ್ದು ತಿಳಿದ ಕೂಡಲೇ ಸುದ್ದಿ ಹರಡಿ, ಎಲ್ಲ ರೂಟರುಗಳೂ ಹೊಸ ದಾರಿ ಲೆಕ್ಕ ಹಾಕುತ್ತವೆ. ಪಕ್ಕದ ರೂಟರ್ ಮೌನವಾದರೂ ಈಥರ್ನೆಟ್‌ನಲ್ಲಿ ಸಾಮಾನ್ಯವಾಗಿ 40 ಸೆಕೆಂಡು ಸಾಕು.

ಇನ್ನೊಂದು ಮುಖ್ಯ ವಿಷಯ: ಆರ್‌ಐಪಿ ನಡುವಿನ ರೂಟರುಗಳನ್ನಷ್ಟೇ ಎಣಿಸುತ್ತದೆ. ವೇಗದ ಫೈಬರ್, ನಿಧಾನದ ವೈರ್‌ಲೆಸ್ ಕೊಂಡಿ ಅದಕ್ಕೆ ಎರಡೂ ಒಂದೇ. ಒಎಸ್‌ಪಿಎಫ್‌ನಲ್ಲಿ ಪ್ರತಿ ಕೊಂಡಿಗೂ ವೇಗಕ್ಕೆ ತಕ್ಕ ಅಂಕ (ಕಾಸ್ಟ್) ಕೊಡಬಹುದು.

ಖರ್ಚು? ಕೆಲವು ಸ್ವಿಚ್‌ಗಳಲ್ಲಿ ಒಎಸ್‌ಪಿಎಫ್‌ಗೆ ಬೇರೆ ಲೈಸೆನ್ಸ್ ಬೇಕು. ಲಿನಕ್ಸ್ ಮೇಲೆ ಎಫ್‌ಆರ್‌ಆರ್ ಎಂಬ ರೂಟಿಂಗ್ ತಂತ್ರಾಂಶ ಉಚಿತ. ಕಲಿಯುವ ಶ್ರಮವೂ ಒಎಸ್‌ಪಿಎಫ್‌ಗೇ ಹೆಚ್ಚು.

ಕಟ್ಟಡಗಳಿಗೆ ಒಂದೊಂದೇ ಕೇಬಲ್ ಇದ್ದರೆ ಸ್ಟ್ಯಾಟಿಕ್ ಸಾಕು. ಎರಡನೇ ದಾರಿಯೇ ಇಲ್ಲದಾಗ ಯಾವ ಪ್ರೋಟೋಕಾಲೂ ನೆರವಾಗದು. ಉಂಗುರದಂತೆ ಕೇಬಲ್ ಎಳೆದಿದ್ದರೆ ಒಎಸ್‌ಪಿಎಫ್ ಹಾಕಿ. ಹಳೆಯ ಉಪಕರಣಗಳಿಗೆ ಬೇರೇನೂ ಬಾರದಿದ್ದರೆ ಮಾತ್ರ ಆರ್‌ಐಪಿ, ಅದೂ ಎರಡನೇ ಆವೃತ್ತಿ.